ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟಿದ್ದಾರೆ, ಮುಂದೇನು?

ಚಿಂತಾಮಣಿಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬಿಪಿ ಮಾತ್ರೆಯ ಬಗ್ಗೆ, ಶುಗರ್ ಮಾತ್ರೆಯ ಬಗ್ಗೆ ಅಂಗಡಿಯಲ್ಲಿ ನಿಂತು ಪ್ರಶ್ನೆ ಕೇಳುವವರು ಕಡಿಮೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಎಂಬ ಮಾತ್ರೆ ಕೈಗಿಟ್ಟರೆ ಮಾತ್ರ ಎಲ್ಲರಿಗೂ ಅನುಮಾನ. “ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ವಂತೆ, ಹೌದಾ ಅಣ್ಣ?” “ಲಿವರ್ ಹಾಳಾಗುತ್ತಂತೆ.” “ರಿಪೋರ್ಟ್ ನಾರ್ಮಲ್ ಬಂತಲ್ಲ, ಇನ್ನೂ ಯಾಕೆ?” ಹೀಗೆ ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ, ಕೇಳಿದರೆ ಉತ್ತರ ಸಿಗುತ್ತದೆ. ಚಿಂತೆ ಇರುವುದು ಏನೂ ಕೇಳದೆ, ಯಾರಿಗೂ ಹೇಳದೆ, ಮೂರ್ನಾಲ್ಕು ತಿಂಗಳಿಗೆ ಮಾತ್ರೆ ನಿಲ್ಲಿಸಿಬಿಡುವವರ ಬಗ್ಗೆ. ಅವರಲ್ಲಿ ಸ್ಟೆಂಟ್ ಹಾಕಿಸಿಕೊಂಡವರೂ ಇರುತ್ತಾರೆ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಅವರಿಗಾಗಿ ಇಲ್ಲಿ ಬರೆದಿದ್ದೇನೆ. ಯಾರಿಗೆ ಯಾವ ಮಾತ್ರೆ, ಎಷ್ಟು ಡೋಸ್ ಎಂದು ತೀರ್ಮಾನಿಸಬೇಕಾದವರು ಡಾಕ್ಟರೇ.

ಮಾತ್ರೆ ಒಳಗೆ ಏನು ಮಾಡುತ್ತದೆ

ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡ ಡ್ರಿಪ್ ಪೈಪಿಗೆ ಆಸಿಡ್ ಬಿಟ್ಟು ತೊಳೆಯುತ್ತಾರಲ್ಲ, ಈ ಮಾತ್ರೆಯೂ ರಕ್ತನಾಳವನ್ನು ಹಾಗೇ ತೊಳೆಯುತ್ತದೆ ಎಂದು ನಮ್ಮ ಕಡೆಯ ರೈತರು ಬಹಳ ಜನ ನಂಬಿದ್ದಾರೆ. ಒಂದು ಸಲ ತೊಳೆದರೆ ಮುಗಿಯಿತು, ಇನ್ನು ಮಾತ್ರೆ ಯಾಕೆ ಎಂಬ ಲೆಕ್ಕ ಹುಟ್ಟುವುದೇ ಅಲ್ಲಿಂದ. ಆದರೆ ಕೊಲೆಸ್ಟ್ರಾಲ್ ಸೇರಿಕೊಳ್ಳುವುದು ನಾಳದ ಗೋಡೆಯ ಒಳಪದರದಲ್ಲಿ. ವರ್ಷಗಟ್ಟಲೆ ಅಲ್ಲೇ ಗಂಟಾಗಿ ಬೆಳೆಯುತ್ತದೆ. ಆ ಗಂಟಿನ ಮೇಲ್ಪದರ ಒಂದು ದಿನ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯದ ಮಾಂಸಖಂಡಕ್ಕೆ ರಕ್ತ ಹೋಗುವುದು ನಿಂತಾಗ ಹಾರ್ಟ್ ಅಟ್ಯಾಕ್ ಆಗುತ್ತದೆ.

ಸ್ಟಾಟಿನ್ ಕೆಲಸ ಮಾಡುವ ಜಾಗ ಲಿವರ್. ಕೊಲೆಸ್ಟ್ರಾಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಒಳಗೆ ತಯಾರಿಕೆ ಕಡಿಮೆಯಾದಾಗ ಲಿವರ್ ತನಗೆ ಬೇಕಾದದ್ದನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ. ಹೀಗೆ ರಕ್ತದಲ್ಲಿರುವ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುತ್ತದೆ. ಗಂಟು ಬೆಳೆಯುವುದು ನಿಧಾನವಾಗುತ್ತದೆ, ಮೇಲ್ಪದರ ಗಟ್ಟಿಯಾಗುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಲಿವರ್ ಮೊದಲಿನಂತಾಗುತ್ತದೆ, ಎಲ್‌ಡಿಎಲ್ ಹಳೆಯ ಅಂಕಿಗೆ ಹೋಗಿ ನಿಲ್ಲುತ್ತದೆ. ರಿಪೋರ್ಟ್ ನಾರ್ಮಲ್ ಬಂದಿದ್ದು ಮಾತ್ರೆ ಒಳಗಿದ್ದುದರಿಂದ.

ಇದು ನಿನ್ನೆ ಮೊನ್ನೆ ಬಂದ ಔಷಧವೂ ಅಲ್ಲ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ ಮೊದಲ ಸ್ಟಾಟಿನ್ ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟಾಟಿನ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. 1994ರಲ್ಲಿ ಪ್ರಕಟವಾದ ಉತ್ತರ ಯುರೋಪಿನ ಅಧ್ಯಯನದಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ್ದರು. ಸಿಮ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಸಾವು ಶೇ 30ರಷ್ಟು ಕಡಿಮೆಯಾಗಿತ್ತು. ಆಮೇಲೆ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕ ಲೆಕ್ಕ ಇದು: ಎಲ್‌ಡಿಎಲ್ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 39 ಮಿ.ಗ್ರಾಂ ಇಳಿದರೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯುವಿನಂಥ ದೊಡ್ಡ ಪೆಟ್ಟುಗಳು ಐದರಲ್ಲಿ ಒಂದು ಭಾಗದಷ್ಟು ತಗ್ಗುತ್ತವೆ.

ಮೊದಲು: ನೀವು ಯಾವ ಗುಂಪಿನಲ್ಲಿದ್ದೀರಿ

ಹಾರ್ಟ್ ಅಟ್ಯಾಕ್ ಆಗಿದ್ದವರು, ಸ್ಟೆಂಟ್ ಅಥವಾ ಬೈಪಾಸ್ ಆದವರು, ಕೊಲೆಸ್ಟ್ರಾಲ್ ಗಂಟಿನಿಂದ ಪಾರ್ಶ್ವವಾಯು ಹೊಡೆದವರು: ಇವರಿಗೆ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲ. ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಎಷ್ಟೇ ಇರಲಿ, ಜೋರು ಡೋಸಿನ ಸ್ಟಾಟಿನ್ ಬೇಕು. ಎರಡನೆಯ ಗುಂಪು 40 ದಾಟಿದ ಶುಗರ್ ಇರುವವರು. ಇವರಿಗೆ ಎದೆನೋವು ಬಂದಿರಲೇಬೇಕೆಂದಿಲ್ಲ, ಶುಗರ್ ಇದ್ದರೆ ಸಾಕು. ಮೂರನೆಯದು ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚಿರುವವರು. ಇದು ಬಹಳ ಸಲ ವಂಶದಲ್ಲೇ ಬಂದಿರುತ್ತದೆ. ಕೆಲವರಿಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪಗಾಗಿರುತ್ತದೆ, ಕಣ್ಣಿನ ರೆಪ್ಪೆಯ ಹತ್ತಿರ ಹಳದಿ ಗುಳ್ಳೆ ಕಾಣುತ್ತವೆ. ಅಂಥ ಮನೆಯಲ್ಲಿ ಒಬ್ಬರ ರಿಪೋರ್ಟ್ ಹೀಗೆ ಬಂದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತರುವ ಸಂಬಂಧಗಳು ನಮ್ಮಲ್ಲಿ ಇನ್ನೂ ನಡೆಯುತ್ತವೆ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಈ ದೋಷ ಬಂದ ಮಗುವಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯ ಕೆಡಬಹುದು. ಆದ್ದರಿಂದ ಇದನ್ನು ಮುಚ್ಚಿಡಬೇಡಿ.

ಉಳಿದವರದು ಲೆಕ್ಕ ಹಾಕಿ ತೀರ್ಮಾನಿಸುವ ವಿಷಯ. ವಯಸ್ಸು, ಬಿಪಿ, ಬೀಡಿ, ಸಿಗರೇಟು, ಹೊಗೆಸೊಪ್ಪು, ಕಿಡ್ನಿ ತೊಂದರೆ, ಮನೆಯಲ್ಲಿ ಗಂಡಸರಿಗೆ 55ರೊಳಗೆ ಅಥವಾ ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿದೆಯೇ ಎಂಬುದು, ಇವೆಲ್ಲ ಸೇರಬೇಕು. ಭಾರತೀಯರಿಗೆ ಹೃದಯದ ಕಾಯಿಲೆ ಪಾಶ್ಚಾತ್ಯರಿಗಿಂತ ಹಲವು ವರ್ಷ ಮುಂಚೆಯೇ ಬರುತ್ತದೆ, ಹಾಗಾಗಿ “ನನಗಿನ್ನೂ ನಲವತ್ತೈದು” ಅನ್ನುವುದು ಧೈರ್ಯ ಕೊಡುವ ಮಾತಲ್ಲ. ಬಿಪಿ, ಶುಗರ್ ಇದೆಯೋ ಇಲ್ಲವೋ ಗೊತ್ತೇ ಇಲ್ಲದವರು ಮೊದಲು ಅದನ್ನು ನೋಡಿಸಿಕೊಳ್ಳಿ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದೇ ಕೋಲಾರ ಜಿಲ್ಲೆಯಲ್ಲಿ. ತಂಡ ಮನೆ ಬಾಗಿಲಿಗೆ ಬಂದಾಗ “ನಮಗೇನೂ ಇಲ್ಲ ಹೋಗ್ರಮ್ಮ” ಎಂದು ಕಳಿಸಬೇಡಿ.

ಪರೀಕ್ಷೆಯ ಚೀಟಿ ಓದುವುದು

ರಕ್ತದಲ್ಲಿನ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್ ಜೊತೆಗೆ ಲಿವರ್‌ನ ಎಸ್‌ಜಿಪಿಟಿ, ಶುಗರ್, ಥೈರಾಯ್ಡ್‌ನ ಟಿಎಸ್‌ಎಚ್ ಮಾಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಕಡಿಮೆ ಇದ್ದರೆ ಅದೊಂದರಿಂದಲೇ ಎಲ್‌ಡಿಎಲ್ ಏರಿರಬಹುದು, ಸ್ಟಾಟಿನ್ ತೆಗೆದುಕೊಂಡಾಗ ಮೈಕೈ ನೋವೂ ಜಾಸ್ತಿ. ಅದನ್ನು ಮೊದಲು ಸರಿಮಾಡಿಕೊಳ್ಳಬೇಕು. ಲಿಪಿಡ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಲೇಬೇಕೆಂಬ ಕಟ್ಟುನಿಟ್ಟು ಈಗಿಲ್ಲ. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬು ತುಂಬಾ ಹೆಚ್ಚು ಬಂದರೆ ಮಾತ್ರ ಉಪವಾಸದಲ್ಲಿ ಮತ್ತೆ ನೋಡುತ್ತಾರೆ.

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿರುವ ಒಟ್ಟು ಕೊಲೆಸ್ಟ್ರಾಲ್ ನೋಡಿ ಹೆದರುವುದೂ ಬೇಡ, ನಿಶ್ಚಿಂತೆಯೂ ಬೇಡ. ನೋಡಬೇಕಾದ್ದು ಎಲ್‌ಡಿಎಲ್. ಒಟ್ಟು 228, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 200 ಇದೆ ಅಂದುಕೊಳ್ಳಿ. ಒಟ್ಟಿನಲ್ಲಿ 38 ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ 40, ಅದನ್ನೂ ಕಳೆಯಿರಿ. ಉಳಿಯುವ 150 ನಿಮ್ಮ ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ಎಷ್ಟಿರಬೇಕು? ಲ್ಯಾಬ್ ಚೀಟಿಯ ಬಲಗಡೆ ಅಚ್ಚಾಗಿರುವ “ನಾರ್ಮಲ್” ಅಂಕಿ ಎಲ್ಲರಿಗೂ ಒಂದೇ ಅಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಅಪಾಯ ಕಡಿಮೆ ಇರುವವರಿಗೆ ಎಲ್‌ಡಿಎಲ್ 100ರ ಕೆಳಗಿರಬೇಕು, ಶುಗರ್, ಬಿಪಿಯಂಥವು ಇದ್ದು ಅಪಾಯ ಹೆಚ್ಚಿರುವವರಿಗೆ 70ರ ಕೆಳಗೆ, ಹಾರ್ಟ್ ಅಟ್ಯಾಕ್ ಆದವರಂಥ ಅತಿ ಅಪಾಯದವರಿಗೆ 55ರ ಕೆಳಗೆ. ಸ್ಟೆಂಟ್ ಹಾಕಿಸಿಕೊಂಡವರಿಗೆ 95 ಬಂದು, ಲ್ಯಾಬ್ ಚೀಟಿ ಅದನ್ನು ನಾರ್ಮಲ್ ಅಂದರೆ, ಅವರ ಪಾಲಿಗೆ ಅದು ನಾರ್ಮಲ್ ಅಲ್ಲ. “ನನ್ನ ಗುರಿ ಎಷ್ಟು ಡಾಕ್ಟ್ರೇ?” ಎಂದು ಕೇಳಿ, ಚೀಟಿಯ ಮೇಲೇ ಬರೆಸಿಕೊಳ್ಳಿ.

ಮೊದಲ ಮಾತ್ರೆ ನುಂಗುವ ಮುಂಚೆ ನೋವಿನ ಪಟ್ಟಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಮುಖ್ಯ. ಪಾವಗಡದಿಂದ ಬಾಗೇಪಲ್ಲಿಯವರೆಗೆ ಫ್ಲೋರೈಡ್ ನೀರು ಕುಡಿದ ತಲೆಮಾರುಗಳಿವೆ. ಸೊಂಟ ಹಿಡಿದಿರುವುದು, ಮಂಡಿ ಮಡಚಲಾಗದಿರುವುದು ಇಲ್ಲಿ ಮನೆಮನೆಯ ಕಥೆ. ಜೊತೆಗೆ ಟೊಮೆಟೊ ಬಿಡಿಸಿದ ಬೆನ್ನು, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಿ ದಿನವೆಲ್ಲ ದುಡಿದ ಭುಜ. ಹಾಗಿರುವಾಗ ಮಾತ್ರೆ ಶುರು ಮಾಡಿದ ಎರಡನೇ ವಾರ ನೋವು ಬಂದರೆ ಅದು ಮಾತ್ರೆಯದೋ ಮೊದಲಿನದೋ ಯಾರು ಹೇಳಬೇಕು?

ಅದಕ್ಕೇ ಒಂದು ಹಾಳೆ ತೆಗೆದುಕೊಳ್ಳಿ. ಇವತ್ತು ಎಲ್ಲೆಲ್ಲಿ ನೋವಿದೆ, ಎಡಕ್ಕೋ ಬಲಕ್ಕೋ, ಹತ್ತರಲ್ಲಿ ಎಷ್ಟು, ಕೂತು ಏಳಲು ಕಷ್ಟವೇ ಎಂದು ತಾರೀಖು ಹಾಕಿ ಬರೆದಿಡಿ. ಬರೆಯಲು ಬಾರದ ಅಜ್ಜಿ ತಾತನಿಗೆ ಮೊಮ್ಮಕ್ಕಳು ಬರೆದುಕೊಡಲಿ.

ಅಂಗಡಿಯಲ್ಲಿ

ಹೆಚ್ಚು ಬರೆಯುವ ಸ್ಟಾಟಿನ್‌ಗಳು ಎರಡು: ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್. ಅಟೋರ್ವಾ 10ರಿಂದ 20, ರೋಸುವಾ 5ರಿಂದ 10 ಮಿ.ಗ್ರಾಂ ಮಧ್ಯಮ ಡೋಸು, ಎಲ್‌ಡಿಎಲ್ ಶೇ 30ರಿಂದ 49ರಷ್ಟು ಇಳಿಸುತ್ತವೆ. ಅಟೋರ್ವಾ 40ರಿಂದ 80, ರೋಸುವಾ 20ರಿಂದ 40 ಜೋರು ಡೋಸು, ಅರ್ಧ ಅಥವಾ ಹೆಚ್ಚು ಇಳಿಸುತ್ತವೆ. ಕಂಪನಿ ಬೇರೆಯಾದರೂ ಒಳಗಿನ ಔಷಧದ ಹೆಸರು ಮತ್ತು ಮಿ.ಗ್ರಾಂ ಒಂದೇ ಇರಬೇಕು, ಅದನ್ನು ಪ್ರತಿಸಲ ನೋಡಿ. ಅಟೋರ್ವಾಸ್ಟಾಟಿನ್ ಕೇಂದ್ರ ಸರ್ಕಾರದ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ, ಗರಿಷ್ಠ ಬೆಲೆ ಸರ್ಕಾರವೇ ನಿಗದಿ ಮಾಡುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ. ದುಡ್ಡಿನ ಕಾರಣಕ್ಕೆ ಬಿಡುವ ಪರಿಸ್ಥಿತಿ ಬಂದರೆ, ಬಿಡುವ ಮುಂಚೆ ಅಲ್ಲಿ ವಿಚಾರಿಸಿ.

ಮೊನ್ನೆ ಒಬ್ಬ ಅಕ್ಕ ಸೆರಗಿನ ತುದಿಯಿಂದ ಸ್ಟ್ರಿಪ್ಪಿನ ಒಂದು ಚೂರು ಬಿಚ್ಚಿ ಕೌಂಟರ್ ಮೇಲಿಟ್ಟರು. ಎರಡು ಮಾತ್ರೆ, ಹಿಂದಿನ ಹಾಳೆಯಲ್ಲಿ “ಸ್ಟಾಟಿನ್” ಎಂಬಷ್ಟು ಮಾತ್ರ ಉಳಿದಿತ್ತು. ಮುಂದಿನ ಅರ್ಧ ಹೆಸರೂ ಇಲ್ಲ, ಮಿ.ಗ್ರಾಂ ಕೂಡ ಇಲ್ಲ. “ಇದೇ ಕೊಡಪ್ಪ, ಹತ್ತು ಸಾಕು” ಅಂದರು. ಏನು ಕೊಡುವುದು? ಮಗನಿಗೆ ಫೋನ್ ಮಾಡಿಸಿ ಚೀಟಿಯ ಫೋಟೊ ತರಿಸಿಕೊಂಡು ನೋಡಿದರೆ ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಕೂಡ ಸೇರಿದ ಕ್ಯಾಪ್ಸೂಲ್ ಬರೆದಿತ್ತು, ಅವರ ಕೈಲಿದ್ದದ್ದು ಪಕ್ಕದ ಮನೆಯವರ ಬರೀ ಸ್ಟಾಟಿನ್. ಸ್ಟೆಂಟ್ ಆದವರಿಗೆ ಇಂಥ ಅದಲುಬದಲು ಪ್ರಾಣಕ್ಕೆ ಬರುತ್ತದೆ. ಮಾತ್ರೆ ಬಿಡಿಸುವಾಗ ಹೆಸರಿಲ್ಲದ ತುದಿಯಿಂದ ಶುರು ಮಾಡಿ, ಹೆಸರು ಮತ್ತು ಕೊನೆಯ ತಾರೀಖು ಇರುವ ಭಾಗ ಕೊನೆಗೆ ಉಳಿಯಲಿ. ಇನ್ನೊಬ್ಬರ ಮಾತ್ರೆ ಬೇಡವೇ ಬೇಡ.

ಯಾವಾಗ, ಯಾವುದರ ಜೊತೆ

ಅಟೋರ್ವಾ, ರೋಸುವಾ ಎರಡನ್ನೂ ದಿನದ ಯಾವ ಹೊತ್ತಿಗಾದರೂ ತೆಗೆದುಕೊಳ್ಳಬಹುದು, ಊಟಕ್ಕೆ ಮುಂಚೆಯೋ ಆಮೇಲೋ ಎಂಬ ತಕರಾರಿಲ್ಲ. ಸಿಮ್ವಾಸ್ಟಾಟಿನ್ ಮಾತ್ರ ರಾತ್ರಿಗೆ. ನೆನಪಿರುವ ಹೊತ್ತೇ ಒಳ್ಳೆಯ ಹೊತ್ತು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಒಂದೇ ಸಾಕು. ರೋಸುವಾ ತೆಗೆದುಕೊಳ್ಳುವವರು ಎದೆಯುರಿಯ ಜೆಲ್ ಔಷಧ ಕುಡಿಯುವುದಿದ್ದರೆ ಮಾತ್ರೆ ನುಂಗಿ ಎರಡು ಗಂಟೆ ಕಳೆಯಲಿ, ಇಲ್ಲದಿದ್ದರೆ ಮಾತ್ರೆ ಮೈಗೆ ಸೇರುವುದು ಕಡಿಮೆಯಾಗುತ್ತದೆ.

ಎಚ್ಚರ ಬೇಕಿರುವುದು ಬೇರೆ ಔಷಧಗಳ ಬಗ್ಗೆ. ಗಜಕರ್ಣಕ್ಕೆ ಈಗ ಎಲ್ಲ ಕಡೆ ಇಟ್ರಾಕೊನಜೋಲ್ ಬರೆಯುತ್ತಾರೆ. ಅದರ ಜೊತೆ ಅಟೋರ್ವಾ ಅಥವಾ ಸಿಮ್ವಾ ಸೇರಿದರೆ ರಕ್ತದಲ್ಲಿ ಸ್ಟಾಟಿನ್ ಮಟ್ಟ ಏರಿ ಮಾಂಸಖಂಡಕ್ಕೆ ಪೆಟ್ಟಾಗಬಹುದು. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಆ್ಯಂಟಿಬಯೊಟಿಕ್‌ಗಳದ್ದೂ ಇದೇ ಕಥೆ. ಚರ್ಮದ ಡಾಕ್ಟರಿಗೂ ಹಲ್ಲಿನ ಡಾಕ್ಟರಿಗೂ “ನಾನು ಸ್ಟಾಟಿನ್ ತಗೋತಿದೀನಿ” ಎಂದು ಮೊದಲೇ ಹೇಳಿ. ಗ್ರೇಪ್‌ಫ್ರೂಟ್ ಹಣ್ಣು ಕೂಡ ಅಟೋರ್ವಾ, ಸಿಮ್ವಾಗಳ ಮಟ್ಟ ಏರಿಸುತ್ತದೆ. ನಮ್ಮಲ್ಲಿ ಆ ಹಣ್ಣು ಅಪರೂಪ, ಆದರೆ ಅದರ ಹತ್ತಿರದ ಬಳಗದ ಚಕ್ಕೋತ ಪಕ್ಕದ ದೇವನಹಳ್ಳಿಯದ್ದೇ ಹೆಸರುವಾಸಿ. ಆ ಮಾತ್ರೆಗಳನ್ನು ತೆಗೆದುಕೊಳ್ಳುವವರು ಚಕ್ಕೋತವನ್ನೂ ದೂರವಿಡುವುದು ಕ್ಷೇಮ. ರೋಸುವಾಗೆ ಈ ತೊಡಕಿಲ್ಲ.

ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ

ಲಿಪಿಡ್ ಪ್ರೊಫೈಲ್ ಮತ್ತೆ ಮಾಡಿಸಿ. ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ಶೇಕಡಾ ಎಷ್ಟು ಇಳಿದಿದೆ ನೋಡಿ. 150 ಇದ್ದದ್ದು 85 ಆದರೆ ಮಾತ್ರೆ ಕೆಲಸ ಮಾಡುತ್ತಿದೆ, ಆದರೂ 70ರ ಗುರಿ ಇನ್ನೂ ದೂರವಿದೆ. ಆಗ ಡೋಸ್ ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಇನ್ನೂ ಶೇ 6ರಷ್ಟು ಮಾತ್ರ ಇಳಿಯುತ್ತದೆ. ಅದರ ಬದಲು ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರೆ ಸುಮಾರು ಶೇ 20ರಷ್ಟು ಇಳಿಯುತ್ತದೆ. “ಎರಡು ಮಾತ್ರೆ ಬರೆದರು, ಕಾಯಿಲೆ ಜಾಸ್ತಿಯಾಗಿದೆ” ಎಂದು ಗಾಬರಿ ಬೇಡ.

ಎಸ್‌ಜಿಪಿಟಿ ಸ್ವಲ್ಪ ಏರಿದರೆ ಲಿವರ್ ಹಾಳಾಯಿತೆಂದಲ್ಲ. ನಾರ್ಮಲ್‌ನ ಮೇಲಿನ ಮಿತಿಯ ಮೂರು ಪಟ್ಟು ದಾಟಿದರೆ ಡಾಕ್ಟರು ಯೋಚಿಸುತ್ತಾರೆ. ಸ್ಟಾಟಿನ್‌ನಿಂದ ಲಿವರ್‌ಗೆ ದೊಡ್ಡ ಹಾನಿ ಬಹಳ ಅಪರೂಪ. ಕುಡಿಯುವ ಅಭ್ಯಾಸವಿದ್ದರೆ ಮಾತ್ರ ಸುಳ್ಳು ಹೇಳಬೇಡಿ. ಕಣ್ಣು ಹಳದಿಯಾದರೆ ಕಾಮಾಲೆಗೆ ನಾಟಿ ಔಷಧ ಹುಡುಕಿಕೊಂಡು ಹೋಗದೆ, ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಶುಗರ್ ಬರಿಸುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಈಗಾಗಲೇ ಗಡಿಯಲ್ಲಿರುವ ಕೆಲವರಿಗೆ ಶುಗರ್ ಒಂದಿಷ್ಟು ಏರಿ ಗೆರೆ ದಾಟುತ್ತದೆ. ಅದನ್ನು ಔಷಧ, ನಡಿಗೆಯಿಂದ ಹಿಡಿತಕ್ಕೆ ತರಬಹುದು, ಹಾರ್ಟ್ ಅಟ್ಯಾಕ್‌ನಲ್ಲಿ ಸತ್ತ ಹೃದಯದ ಭಾಗವನ್ನು ಮತ್ತೆ ತರಲಾಗದು. ನನ್ನ ಮನೆಯವರಿಗೇ ಆದರೂ ನಾನು ಇದನ್ನೇ ಹೇಳುವುದು.

ಮೈಕೈ ನೋವು ಬಂದರೆ

2020ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅಡ್ಡಪರಿಣಾಮ ಆಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ಆಯ್ದುಕೊಂಡರು. ಒಬ್ಬೊಬ್ಬರಿಗೂ ತಿಂಗಳಿಗೊಂದರಂತೆ ಹನ್ನೆರಡು ಡಬ್ಬಿ: ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆ, ನಾಲ್ಕು ಖಾಲಿ. ಯಾವ ಮಾತ್ರೆಯಲ್ಲಿ ಔಷಧವಿದೆ ಎಂದು ಅವರಿಗೆ ಹೇಳಲಿಲ್ಲ. ದಿನಾ ನೋವು ಮುಂತಾದ ತೊಂದರೆಗೆ ನೂರಕ್ಕೆ ಅಂಕ ಕೊಡಬೇಕು. ಖಾಲಿ ಡಬ್ಬಿಯ ತಿಂಗಳುಗಳಲ್ಲಿ ಸರಾಸರಿ 8, ಸ್ಟಾಟಿನ್ ತಿಂಗಳುಗಳಲ್ಲಿ 16.3, ಹುಸಿ ಮಾತ್ರೆಯ ತಿಂಗಳುಗಳಲ್ಲಿ 15.4. ಅಂದರೆ ನೋವು ನಿಜವಾಗಿಯೂ ಇತ್ತು, ಆದರೆ ಅದರ ಬಹುಪಾಲು ಮಾತ್ರೆ ನುಂಗಿದೆನೆಂಬ ಆತಂಕದಿಂದ ಬಂದದ್ದು. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಸ್ಟಾಟಿನ್ ಮತ್ತೆ ಶುರು ಮಾಡಿದರು.

ಹಾಗೆಂದು ನೋವೆಂದವರನ್ನು “ಎಲ್ಲ ನಿನ್ನ ಭ್ರಮೆ” ಎಂದು ಗದರಬಾರದು. ಔಷಧದಿಂದಲೇ ಬರುವ ನೋವೂ ಇದೆ. ಅದು ಸಾಮಾನ್ಯವಾಗಿ ಎರಡೂ ಕಡೆ ಒಟ್ಟಿಗೆ, ತೊಡೆ, ಮೀನಖಂಡ, ಭುಜದಂಥ ದೊಡ್ಡ ಮಾಂಸಖಂಡಗಳಲ್ಲಿ, ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಕುಕ್ಕುರುಗಾಲಲ್ಲಿ ಕೂತವರು ಏಳಲು ಒದ್ದಾಡುತ್ತಾರೆ. ಒಂದೇ ಮಂಡಿ ಊದಿಕೊಂಡು ನೋಯುವುದು ಹೆಚ್ಚಾಗಿ ಕೀಲಿನದು.

ಆಗ ಮಾಡಬೇಕಾದ್ದು ಇಷ್ಟು. ಮೊದಲು ಬರೆದಿಟ್ಟ ನೋವಿನ ಹಾಳೆ ತೆಗೆದು ಹೋಲಿಸಿ. ಹೊಸ ನೋವೇ ಆದರೆ ಡಾಕ್ಟರಿಗೆ ತೋರಿಸಿ. ಮಾಂಸಖಂಡಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ, ಥೈರಾಯ್ಡ್, ವಿಟಮಿನ್ ಡಿ ನೋಡುತ್ತಾರೆ. ಬೇಕಿದ್ದರೆ ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸಿ, ನೋವು ಹೋಗುತ್ತದೆಯೇ ನೋಡಿ, ಆಮೇಲೆ ಕಡಿಮೆ ಡೋಸ್‌ನಲ್ಲಿ ಅಥವಾ ಬೇರೆ ಸ್ಟಾಟಿನ್‌ನಲ್ಲಿ ಮತ್ತೆ ಶುರು ಮಾಡಿಸುತ್ತಾರೆ. ರೋಸುವಾ ದಿನ ಬಿಟ್ಟು ದಿನ ಕೊಡುವುದೂ ಉಂಟು. ಒಂದು ಆಗಲಿಲ್ಲವೆಂದರೆ ಎಲ್ಲವೂ ಆಗುವುದಿಲ್ಲ ಎಂದಲ್ಲ. ಯಾವುದೂ ಒಗ್ಗದವರಿಗೆ ಎಜೆಟಿಮೈಬ್, ಬೆಂಪೆಡೊಯಿಕ್ ಆಮ್ಲ, ಚುಚ್ಚುಮದ್ದುಗಳು ಇವೆ. ಚುಚ್ಚುಮದ್ದು ದುಬಾರಿ.

ಮೂತ್ರ ಕಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಜೊತೆಗೆ ಮೈಯೆಲ್ಲ ಬಿಗಿದ ನೋವು, ನಿಶ್ಶಕ್ತಿ ಇದ್ದರೆ ಮಾತ್ರ ಕಾಯಬೇಡಿ. ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಮಾಂಸಖಂಡ ಕರಗಿ ಕಿಡ್ನಿಗೆ ಪೆಟ್ಟಾಗುವ ಸೂಚನೆ ಅದು. ತೀರಾ ಅಪರೂಪ, ಆದರೆ ಗೊತ್ತಿರಬೇಕು.

ಊಟದ ವಿಷಯ

ಮಾತ್ರೆ ಇದೆಯೆಂದು ಊಟ ಕೆಡಿಸಿಕೊಳ್ಳಬಾರದು, ಊಟ ಸರಿಯಿದೆಯೆಂದು ಮಾತ್ರೆ ಬಿಡಬಾರದು. ಮುದ್ದೆ, ಬಸ್ಸಾರು, ಹುರುಳಿ, ಅವರೆಕಾಳು ಎಲ್ಲ ಒಳ್ಳೆಯದೇ. ತಿಪಟೂರಿನ ಕೊಬ್ಬರಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಎಂಬುದು ನಿಜ, ಆದರೆ ಅದರಲ್ಲಿರುವ ಗಟ್ಟಿ ಕೊಬ್ಬು ರಕ್ತದಲ್ಲಿ ಎಲ್‌ಡಿಎಲ್ ಏರಿಸುತ್ತದೆ, ಆದ್ದರಿಂದ ಅಳತೆ ಬೇಕು. ತುಪ್ಪ, ಬೋಟಿ, ಕಾದ ಎಣ್ಣೆಯನ್ನೇ ಮತ್ತೆ ಕಾಯಿಸಿ ಕರಿದ ಬೋಂಡಾ ಕೂಡ ಇದೇ ಸಾಲಿಗೆ. ಶುಂಠಿ, ಬೆಳ್ಳುಳ್ಳಿ, ನಿಂಬೆ, ಜೇನು ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವ ಸಂದೇಶವನ್ನು ನಂಬಿ ಸ್ಟಾಟಿನ್ ಬಿಟ್ಟವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಷಾಯ ಬೇಕಿದ್ದರೆ ಡಾಕ್ಟರನ್ನು ಕೇಳಿ ಕುಡಿಯಿರಿ, ಮಾತ್ರೆ ಬಿಡಬೇಡಿ. ಬೀಡಿ, ಸಿಗರೇಟು ಬಿಡದವರಿಗೆ ಮಾತ್ರೆಯ ಲಾಭ ಅರ್ಧಂಬರ್ಧ.

ಮಗು ಬೇಕೆಂದಿರುವ ಹೆಣ್ಣುಮಕ್ಕಳು, ಗರ್ಭಿಣಿಯರು, ಎದೆಹಾಲು ಕೊಡುವವರು ಸ್ಟಾಟಿನ್ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಸಾಮಾನ್ಯವಾಗಿ ಆ ಅವಧಿಗೆ ನಿಲ್ಲಿಸುತ್ತಾರೆ.

ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೂ ಎದೆ ಒತ್ತಿ ಹಿಡಿದಂತಾಗಿ, ನೋವು ಕೈಗೋ ದವಡೆಗೋ ಹರಿದು, ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೋಗುವಾಗ ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ.